ಒಂದು ತಿಂಗಳ ಕೂಸಿಗೆ ನಾಯಿಕೆಮ್ಮಿನ ಲಸಿಕೆ: ಸರ್ಕಾರಿಯೋ, ಪೇನ್‌ಲೆಸ್ಸೋ?

ಒಂದು ತಿಂಗಳ ಕೂಸಿಗೆ ನಾಯಿಕೆಮ್ಮಿನ ಲಸಿಕೆ ಸರ್ಕಾರಿಯದು ಹಾಕಿಸಲೋ, ಪ್ರೈವೇಟಲ್ಲಿ ಸಿಗೋ, ನೋವು-ಜ್ವರ ಕಡಿಮೆ ಇರೋ ‘ಪೇನ್‌ಲೆಸ್’ ಹಾಕಿಸಲೋ ಅಂತ ಕೇಳಿ ಬರೆದಿದ್ದೀರಿ. ಅತ್ತೆಗೆ ಎರಡು ವಾರದಿಂದ ಕೆಮ್ಮು ಅನ್ನೋದನ್ನ ಕೊನೇ ಸಾಲಲ್ಲಿ ಸುಮ್ಮನೆ ಸೇರಿಸಿದ್ದೀರಿ. ಯಾವ ಚುಚ್ಚುಮದ್ದು ಅನ್ನೋದು ಆಮೇಲಿನ ಮಾತು, ಮೊದಲು ಆ ಕೆಮ್ಮು ನೋಡಿ.

ನಾನು ಬಾಣಂತನಕ್ಕೆ ಸಂಡೂರಿನ ತವರಲ್ಲಿದ್ದಾಗ ಅಣ್ಣ ಕೆಮ್ಮುತ್ತಿದ್ದ. ಅದಿರಿನ ಟಿಪ್ಪರ್ ಓಡಿಸ್ತಾನೆ. ನಮ್ಮ ಕಡೆ ಕೆಮ್ಮಿಗೆ ಯಾರೂ ಕಾರಣ ಹುಡುಕಲ್ಲ, ‘ಧೂಳವ್ವ, ಧೂಳು’ ಅಂತಾರೆ. ಸುಳ್ಳೇನಲ್ಲ, ಒಣಹಾಕಿದ ಬಿಳಿ ಬಟ್ಟೆ ಕೆಂಪಾಗಿ ಒಳಗೆ ಬರ್ತದೆ. ಆದರೆ ಇವನದು ಬೇರೆ ಥರ ಇತ್ತು. ಹಗಲು ಆರಾಮ. ರಾತ್ರಿ ಶುರುವಾದರೆ ಉಸಿರೆಳೆಯೋಕೂ ಬಿಡದೆ ಒಂದರ ಹಿಂದೊಂದು ಕೆಮ್ಮಿ ಕೊನೆಗೆ ವಾಂತಿ. ಗಾಡಿ ಬಿಟ್ಟು ಮನೇಲಿದ್ದ ದಿನವೂ ಹಾಗೇ. ಜ್ವರ ಇಲ್ಲ. ಜ್ವರ ಇಲ್ಲ ಅಂದಮೇಲೆ ಅಂಟೋ ರೋಗ ಅಲ್ಲ ಅಂತ ನಾನೇ ತೀರ್ಮಾನಿಸಿ, ಸ್ನಾನ ಮಾಡಿ ಬಂದರೆ ಸಾಕು ಅಂತ ಕೂಸನ್ನ ಕೈಗೆ ಕೊಡ್ತಿದ್ದೆ. ಧೂಳಾದರೆ ತೊಳೆದರೆ ಹೋಗ್ತದಲ್ಲ! ಚಿಕ್ಕಂದಿನಲ್ಲಿ ಅವನಿಗೆ ನಾಯಿಕೆಮ್ಮಿನದೂ ಸೇರಿರೋ ಡಿಪಿಟಿ ಲಸಿಕೆ ಆಗಿತ್ತು, ನಿಜ. ಆ ರಕ್ಷಣೆ ಕೆಲವು ವರ್ಷಕ್ಕೆ ಕರಗ್ತದೆ. ರೋಗ ಒಮ್ಮೆ ಬಂದುಹೋದವರಿಗೂ ಅಷ್ಟೇ.

ಕೂಸು ಕೆಮ್ಮಲೇ ಇಲ್ಲ. ಹಾಲು ಕುಡೀತಾ ಉಸಿರು ನಿಂತು ತುಟಿ ನೀಲಿ ಆಯ್ತು. ನಾಯಿಕೆಮ್ಮಲ್ಲಿ ಕೆಮ್ಮಿ ಉಸಿರೆಳೆಯುವಾಗ ಬರೋ ಆ ‘ಹೂಪ್’ ಸದ್ದು ಇಷ್ಟು ಎಳೆಯವಕ್ಕೆ ಬರದೇ ಇರಬಹುದು. ಬಳ್ಳಾರಿಯ ಮಕ್ಕಳ ಡಾಕ್ಟರು ಮೊದಲು ಕೇಳಿದ್ದೇ ‘ಮನೇಲಿ ಯಾರು ಕೆಮ್ತಿದಾರಮ್ಮ?’ ಅಣ್ಣನದು ನಾಯಿಕೆಮ್ಮು, ಕೂಸಿಗೂ ಅದೇ ಅಂಟಿತ್ತು. ಐಸಿಯು, ಆಕ್ಸಿಜನ್, ಮನೆಮಂದಿಗೆಲ್ಲ ಅಜಿಥ್ರೊಮೈಸಿನ್ ಅನ್ನೋ ಆಂಟಿಬಯಾಟಿಕ್. ಕೂಸು ಉಳೀತು.

ಅತ್ತೆಯನ್ನ ಇವತ್ತೇ ತೋರಿಸಿ. ನಾಯಿಕೆಮ್ಮು ಅಂದರೆ ಆಂಟಿಬಯಾಟಿಕ್ ಶುರುವಾಗಿ ಐದು ದಿನ ತುಂಬೋವರೆಗೂ ಕೂಸಿನ ಹತ್ತಿರ ಬೇಡ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಲಸಿಕೆ ಬಗ್ಗೆ: ಆರು ವಾರ ತುಂಬಿದ ಕೂಡಲೇ ಸರ್ಕಾರಿ ಪೆಂಟಾವೇಲೆಂಟ್ (ನಾಯಿಕೆಮ್ಮಿನದೂ ಸೇರಿ ಐದು ರೋಗಕ್ಕೆ ಒಂದೇ ಲಸಿಕೆ) ಹಾಕಿಸಿ, 10 ಮತ್ತು 14ನೇ ವಾರದ್ದೂ ತಪ್ಪಿಸಬೇಡಿ. ಜ್ವರ ಬರ್ತದೆ, ಹೋಗ್ತದೆ. ಪೇನ್‌ಲೆಸ್ ಕೆಟ್ಟದ್ದಲ್ಲ, ಅದರ ಶಕ್ತಿ ಬೇಗ ಇಳೀತದೆ ಅಷ್ಟೇ. 2013ರಲ್ಲಿ ಅಮೆರಿಕದವರು ಬಬೂನ್ ಕೋತಿಗಳಲ್ಲಿ ಕಂಡದ್ದು ಇದು: ಆ ಲಸಿಕೆ ಹಾಕಿದವಕ್ಕೆ ಕಾಯಿಲೆ ಬೀಳಲಿಲ್ಲ, ಆದರೆ ಗಂಟಲಲ್ಲಿ ಬ್ಯಾಕ್ಟೀರಿಯಾ ಕೂತು ಪಕ್ಕದ ಕೋತಿಗೆ ಹರಡ್ತು. ಅಂದರೆ ಲಸಿಕೆ ಆದ ದೊಡ್ಡ ಮಗು ಮನೇಲಿದ್ದರೂ ಕೆಮ್ಮಿನ ಮೇಲೆ ಕಣ್ಣಿರಲಿ.

ಮುಂದಿನ ಬಸುರಿಗೆ 27ರಿಂದ 36ನೇ ವಾರದೊಳಗೆ ನಾಯಿಕೆಮ್ಮಿನದೂ ಸೇರಿರೋ ಟಿಡ್ಯಾಪ್ ಲಸಿಕೆ ಕೇಳಿ ಹಾಕಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡೋ ಟಿಡಿ ಧನುರ್ವಾಯು, ಗಂಟಲಮಾರಿಗೆ ಮಾತ್ರ, ಅದರಲ್ಲಿ ನಾಯಿಕೆಮ್ಮಿನದು ಇರಲ್ಲ. ಎರಡನೇದಕ್ಕೆ ನಾನು ದುಡ್ಡು ಕೊಟ್ಟು ಪ್ರೈವೇಟಲ್ಲೇ ಹಾಕಿಸಿಕೊಂಡೆ.