ಚುಕ್ಕಾಣಿ ದುರಸ್ತಿಯಾಗಿ ಬರುವವರೆಗೆ ಹಾಯಿದೋಣಿಗೆ ಏನು ಮಾಡಬೇಕು?

ಮಳೆಗಾಲ ಮುಗಿಯುತ್ತ ಬಂದಂತೆ ದೋಣಿ ಇಟ್ಟುಕೊಂಡವರಿಂದ ಪ್ರತಿ ವರ್ಷ ಅವೇ ಪ್ರಶ್ನೆಗಳು ಬರುತ್ತವೆ. ಎಂಜಿನ್ ಆಯಿಲ್ ಬದಲಿಸುವುದು, ಬ್ಯಾಟರಿ ಚಾರ್ಜ್ ಮಾಡುವುದು ಮುಂತಾದವನ್ನು ಇಲ್ಲಿ ವಿವರಿಸುವುದಿಲ್ಲ. ಅಷ್ಟು ತಿಳಿಯದವರು ಸಮುದ್ರಕ್ಕೆ ಇಳಿಯದಿರುವುದೇ ಒಳ್ಳೆಯದು.

ಪ್ರಶ್ನೆ: ನನ್ನ 27 ಅಡಿಯ ಫೈಬರ್ ಹಾಯಿದೋಣಿಯನ್ನು ಮೇ ಕೊನೆಯಲ್ಲಿ ಕಾರವಾರದಲ್ಲಿ ಕಾಳಿ ನದಿಯ ದಡಕ್ಕೆ ಏರಿಸಿದ್ದೇವೆ. ಚುಕ್ಕಾಣಿಯೊಳಗೆ ನೀರು ಸೇರಿದ್ದರಿಂದ ಕಳಚಿ ವರ್ಕ್‌ಶಾಪಿಗೆ ಕೊಟ್ಟೆ. ಅವರು ಪ್ರತಿ ವಾರವೂ ‘ಮುಂದಿನ ವಾರ’ ಎನ್ನುತ್ತಿದ್ದಾರೆ. ಅಕ್ಟೋಬರಿನಲ್ಲಿ ದೋಣಿ ನೀರಿಗಿಳಿಯಬೇಕು. ಅಷ್ಟರಲ್ಲಿ ತಳಕ್ಕೆ ಬಣ್ಣ ಹೊಡೆದು ಮುಗಿಸಬಹುದೇ?

ಉತ್ತರ: ಬಣ್ಣದ ಡಬ್ಬಿಯನ್ನು ಸದ್ಯಕ್ಕೆ ಮುಟ್ಟಬೇಡಿ. ವರ್ಕ್‌ಶಾಪಿನವರನ್ನು ಅವಸರಪಡಿಸಲೂ ಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕರಾವಳಿಯ ಮೀನುಗಾರಿಕಾ ದೋಣಿಗಳೆಲ್ಲ ಆ 61 ದಿನಗಳಲ್ಲೇ ದುರಸ್ತಿಗೆ ಬರುತ್ತವೆ. ಅವರ ಹೊಟ್ಟೆಪಾಡಿನ ಮುಂದೆ ನಿಮ್ಮ ಹವ್ಯಾಸ ಕಾಯಬೇಕಾದದ್ದು ನ್ಯಾಯವೇ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ನಿಮ್ಮ ಚುಕ್ಕಾಣಿ ಎಂದರೆ ಎರಡು ಫೈಬರ್ ಹೊದಿಕೆಗಳು, ನಡುವೆ ಫೋಮ್, ಅದರೊಳಗೆ ಸ್ಟೇನ್‌ಲೆಸ್ ಸ್ಟೀಲಿನ ದಂಡ ಮತ್ತು ಅದಕ್ಕೆ ಬೆಸೆದ ಪಟ್ಟಿಗಳು. ನೆನೆದ ಫೋಮ್ ಮಳೆಗಾಲದ ಗಾಳಿಯಲ್ಲಿ ತಾನಾಗಿ ಒಣಗುವುದಿಲ್ಲ. ನಿಮ್ಮ ಕಾಟ ತಾಳಲಾರದೆ ಅವರು ಒದ್ದೆಯ ಮೇಲೆಯೇ ರೆಸಿನ್ ಮುಚ್ಚಿ ಕೊಟ್ಟರೆ ನೀರು ಒಳಗೇ ಉಳಿಯುತ್ತದೆ, ಮತ್ತು ಅದರ ಪರಿಣಾಮ ಕಾಣಿಸಿಕೊಳ್ಳುವುದು ದಡದಿಂದ ದೂರವಿದ್ದಾಗ. ಆದ್ದರಿಂದ ‘ಯಾವಾಗ ಕೊಡುತ್ತೀರಿ’ ಎಂದು ಕೇಳುವ ಬದಲು ‘ಈ ವಾರ ತೂಕ ಎಷ್ಟಿದೆ’ ಎಂದು ಕೇಳಿ. ಚುಕ್ಕಾಣಿಯನ್ನು ವಾರಕ್ಕೊಮ್ಮೆ ತೂಗಿಸಿ, ತೂಕ ಇಳಿಯುವುದು ನಿಂತ ಮೇಲಷ್ಟೇ ಮುಚ್ಚಲು ಹೇಳಿ. ಒದ್ದೆಯಾಗಿ ಕೊಳೆತ ಫೋಮನ್ನು ಕಿತ್ತು ಹೊಸದು ತುಂಬಿದರೆ ಇನ್ನೂ ಒಳ್ಳೆಯದು. ಒಂದು ಬದಿಯ ಹೊದಿಕೆ ತೆರೆದು ಬೆಸುಗೆಗಳನ್ನು ಕಣ್ಣಾರೆ ನೋಡದೆ ಹಣ ಕೊಡಬೇಡಿ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂಬುದು ಅಂಗಡಿಯವರ ಮಾತು. ಅದರ ರಕ್ಷಣಾ ಪದರ ಉಳಿಯಲು ಆಮ್ಲಜನಕ ಬೇಕು, ಅದು ಸಿಗದ ಒದ್ದೆ ಫೋಮಿನೊಳಗೆ ಬೆಸುಗೆಯ ಸುತ್ತ ಲೋಹ ಗುಳಿಬಿದ್ದು ಸವೆಯುತ್ತದೆ.

ಕಾಯುವ ಈ ದಿನಗಳಲ್ಲಿ, ದೋಣಿ ದಡದ ಮೇಲಿದ್ದಾಗ ಮಾತ್ರ ಸಾಧ್ಯವಾಗುವ ಕೆಲಸಗಳನ್ನು ಮೊದಲು ಮುಗಿಸಿ. ಅನೇಕ ಹಾಯಿದೋಣಿಗಳಲ್ಲಿ ಚುಕ್ಕಾಣಿ ಅಡ್ಡವಿರುವುದರಿಂದ ಪ್ರೊಪೆಲ್ಲರ್ ಶಾಫ್ಟನ್ನು ಹಿಂದಕ್ಕೆ ಎಳೆದು ತೆಗೆಯಲು ಬರುವುದಿಲ್ಲ. ನಿಮ್ಮಲ್ಲಿ ಈಗ ಆ ದಾರಿ ತೆರೆದಿದೆ. ಶಾಫ್ಟನ್ನು ಕೈಯಿಂದ ಅಲುಗಿಸಿದಾಗ ಸಡಿಲ ಕಂಡರೆ ಅದರ ರಬ್ಬರ್ ಬೇರಿಂಗನ್ನು ಈಗಲೇ ಬದಲಿಸಿ; ಚುಕ್ಕಾಣಿ ಕೂಡಿಸಿದ ಮೇಲೆ ಅದೇ ಕೆಲಸಕ್ಕೆ ಎರಡರಷ್ಟು ಕೂಲಿ ತೆರಬೇಕಾದೀತು. ಚುಕ್ಕಾಣಿ ದಂಡ ಹಾದುಹೋಗುವ ಕೊಳವೆಯ ಬೇರಿಂಗುಗಳನ್ನು ಅಳೆದು ವರ್ಕ್‌ಶಾಪಿಗೆ ತಿಳಿಸಿ. ಬಳಿಕ ತಳದಲ್ಲಿರುವ ಪ್ರತಿಯೊಂದು ನೀರಿನ ವಾಲ್ವನ್ನೂ ಬಿಚ್ಚಿ ನೋಡಿ. ಹಿತ್ತಾಳೆಯದಾಗಿದ್ದು ಕೆರೆದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಸತು ಕರಗಿಹೋಗಿ ಬರೀ ಪೊಳ್ಳು ತಾಮ್ರ ಉಳಿದಿದೆ ಎಂದರ್ಥ. ಅಂಥದ್ದನ್ನು ಎಸೆದು ಕಂಚಿನದನ್ನು ಹಾಕಿಸಿ. ಸಿಲಿಕೋನ್ ಹಚ್ಚಿ ಸರಿಪಡಿಸಿಕೊಡುತ್ತೇನೆ ಎನ್ನುವವನನ್ನು ದೋಣಿಯ ಹತ್ತಿರಕ್ಕೂ ಸೇರಿಸಬೇಡಿ.

ಬಣ್ಣ ಕೊನೆಯ ವಾರದ ಕೆಲಸ. ಗಾಳಿಯ ತೇವಾಂಶ ಶೇ. 85 ಮೀರಿದಾಗ, ಅಥವಾ ತಳದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಿಲ್ಲದಾಗ ಹೊಡೆದ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಜೊತೆಗೆ, ಚಿಪ್ಪು ಹಿಡಿಯದಂತೆ ತಡೆಯುವ ಕೆಲವು ಬಣ್ಣಗಳನ್ನು ಹೊಡೆದ ಮೇಲೆ ಇಂತಿಷ್ಟು ದಿನಗಳೊಳಗೆ ದೋಣಿಯನ್ನು ನೀರಿಗಿಳಿಸಬೇಕೆಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಇಳಿಸುವ ದಿನವೇ ಗೊತ್ತಿಲ್ಲದವರು ಆ ಲೆಕ್ಕವನ್ನು ಎಲ್ಲಿಂದ ಹಿಡಿಯುತ್ತಾರೆ?

ಪ್ರಶ್ನೆ: ಚುಕ್ಕಾಣಿ ಇಲ್ಲದೆಯೇ ಇಳಿಸಿ ಜೆಟ್ಟಿಗೆ ಕಟ್ಟಿಟ್ಟರೆ ಆಗದೇ?

ಉತ್ತರ: ಆಗದು. ದಂಡದ ಕೊಳವೆಯ ಮೂಲಕ ನೀರು ಒಳನುಗ್ಗಬಹುದು, ಮತ್ತು ಆಮೇಲೆ ಚುಕ್ಕಾಣಿಯನ್ನು ಕೂಡಿಸಲು ದೋಣಿಯನ್ನು ಮತ್ತೆ ಮೇಲೆತ್ತಲೇಬೇಕು.

ಪ್ರಶ್ನೆ: ಫೈಬರ್ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಬಹುದೇ?

ಉತ್ತರ: ಮರದ ದೋಣಿಗೆ ಅದು ಹಿರಿಯರು ಕಂಡುಕೊಂಡ ಒಳ್ಳೆಯ ಉಪಾಯ. ಫೈಬರಿಗೆ ಅದು ಅಂಟು ಮತ್ತು ಕೊಳೆ, ಅಷ್ಟೇ. ಮುಂದೆ ಹೊಡೆಯುವ ಬಣ್ಣವೂ ಅದರ ಮೇಲೆ ಹಿಡಿಯುವುದಿಲ್ಲ.

ಪ್ರಶ್ನೆ: ಬಣ್ಣಕ್ಕೆ ಮೆಣಸಿನ ಪುಡಿ ಬೆರೆಸಿದರೆ ಚಿಪ್ಪು ಹಿಡಿಯುವುದಿಲ್ಲವಂತೆ. ಹಳೆಯ ‘ತವರದ ಬಣ್ಣ’ ಕೊಡಿಸುತ್ತೇನೆ ಎಂದೂ ಒಬ್ಬರು ಹೇಳುತ್ತಿದ್ದಾರೆ.

ಉತ್ತರ: ಮೆಣಸಿನ ಪುಡಿಯನ್ನು ಸಾರಿಗೆ ಹಾಕಿ. ತವರದ ಸಂಯುಕ್ತವಿರುವ ಬಣ್ಣಗಳು ಸಮುದ್ರಜೀವಿಗಳಿಗೆ ವಿಷವೆಂದು ಅಂತರರಾಷ್ಟ್ರೀಯ ಒಪ್ಪಂದ ಅವುಗಳನ್ನು 2008ರಿಂದ ನಿಷೇಧಿಸಿದೆ. ಅದನ್ನು ಗುಟ್ಟಾಗಿ ಮಾರುವವನ ಡಬ್ಬಿಯಲ್ಲಿ ಏನಿದೆಯೋ ಅವನಿಗೂ ಗೊತ್ತಿರಲಾರದು.

ಪ್ರಶ್ನೆ: ನೀರಿನೊಳಗಿನ ಲೋಹದ ಭಾಗಗಳ ರಕ್ಷಣೆಗೆ ಹಾಕಿರುವ ಸತುವಿನ ಗಟ್ಟಿಗಳು ಬೇಗ ಸವೆಯದಂತೆ ಅವುಗಳಿಗೂ ಬಣ್ಣ ಹೊಡೆಯಲೇ?

ಉತ್ತರ: ಸವೆಯುವುದಕ್ಕೆಂದೇ ಅವುಗಳನ್ನು ಹಾಕಿರುವುದು. ಬಣ್ಣ ಹೊಡೆದರೆ ಅವುಗಳ ಬದಲು ಪ್ರೊಪೆಲ್ಲರ್ ಸವೆಯುತ್ತದೆ.

ಪ್ರಶ್ನೆ: ಹಾಯಿ ಕಟ್ಟುವ ಕೂವೆಮರವನ್ನು ಬಿಗಿದಿರುವ ತಂತಿಯ 19 ಎಳೆಗಳಲ್ಲಿ ಒಂದೇ ಒಂದು ತುಂಡಾಗಿದೆ. ಇನ್ನೊಂದು ಹಂಗಾಮು ನಡೆದೀತೇ?

ಉತ್ತರ: ಇಲ್ಲ. ಅದರ ಜೊತೆಗೆ ಹಾಕಿದ ಉಳಿದ ತಂತಿಗಳೂ ಅಷ್ಟೇ ಹಳೆಯವು, ಎಲ್ಲವನ್ನೂ ಬದಲಿಸಿ.