ಚಿತ್ರ ಕುಣಿಸುವ ತಂತ್ರಾಂಶಕ್ಕೆ ಪೇಟೆಂಟ್: ಪರೀಕ್ಷಕರ ಆಕ್ಷೇಪಕ್ಕೆ ಏನು ಉತ್ತರ?

ಪ್ರಶ್ನೆ: ಮೇಡಂ, ನಾನು ಮತ್ತು ನನ್ನ ತಮ್ಮ ಬನಶಂಕರಿಯ ನಮ್ಮ ಮನೆಯ ಮಹಡಿಯಲ್ಲಿ ಸಣ್ಣದೊಂದು ಅನಿಮೇಷನ್ ಸ್ಟುಡಿಯೊ ನಡೆಸುತ್ತಿದ್ದೇವೆ. ನಾನು ತೊಗಲು ಗೊಂಬೆಯ ಶೈಲಿಯಲ್ಲಿ ಟ್ಯಾಬ್ಲೆಟ್ ಮೇಲೆ ಚಿತ್ರ ಬರೆಯುತ್ತೇನೆ. ಆ ಚಿತ್ರಗಳು ಕೈಕಾಲು ಆಡಿಸುವಂತೆ ಮಾಡುವ ತಂತ್ರಾಂಶವನ್ನು ತಮ್ಮ ಬರೆದಿದ್ದಾನೆ. ಮೊಣಕೈ ಮಡಚಿದಾಗಲೂ ಗೊಂಬೆಯ ಮೈಮೇಲಿನ ತೂತುಗಳು ಜಗ್ಗಿ ವಿಕಾರವಾಗದೆ ದುಂಡಗೇ ಉಳಿಯುವುದು ಅದರ ವಿಶೇಷ. ಪೇಟೆಂಟ್‌ಗೆ ಅರ್ಜಿ ಹಾಕಿದ್ದೆವು. ಈಗ ಮೊದಲ ಪರೀಕ್ಷಾ ವರದಿ ಬಂದಿದೆ. ಕಲಂ 3(ಕೆ) ಪ್ರಕಾರ ಇದು ಪೇಟೆಂಟ್‌ಗೆ ಅರ್ಹವಲ್ಲ, ಅಲ್ಲದೆ 2005ರ ಒಂದು ಪ್ರಬಂಧದಲ್ಲಿ ಇದೆಲ್ಲ ಆಗಲೇ ಇದೆ ಎಂದು ಬರೆದಿದ್ದಾರೆ. ಅರ್ಜಿ ತಯಾರಿಸಿಕೊಟ್ಟವರು ‘ಭಾರತದಲ್ಲಿ ಸಾಫ್ಟ್‌ವೇರಿಗೆ ಪೇಟೆಂಟ್ ಇಲ್ಲ, ಬಿಟ್ಟುಬಿಡಿ’ ಎನ್ನುತ್ತಿದ್ದಾರೆ. ವರದಿ ಬಂದು ಎರಡು ತಿಂಗಳಾಯಿತು. ಬಿಡುವುದೇ ಸರಿಯೇ? ಅಮೆರಿಕದಲ್ಲಾದರೆ ಸಿಗುತ್ತದೆಯಂತೆ, ನಿಜವೇ? ವರದಿಯನ್ನೂ ಅರ್ಜಿಯನ್ನೂ ಲಗತ್ತಿಸಿದ್ದೇನೆ.
– ಓದುಗರು, ಬನಶಂಕರಿ

ಉತ್ತರ: ಬಿಡಬೇಡಿ. ನೀವು ಕಳಿಸಿದ ಅರ್ಜಿಯನ್ನು ಮೊದಲ ಪುಟದಿಂದ ಕೊನೆಯ ಚಿತ್ರದವರೆಗೆ ಓದಿದ ಮೇಲೆಯೇ ಈ ಮಾತು ಹೇಳುತ್ತಿದ್ದೇನೆ. ಅರ್ಜಿ ಈಗಾಗಲೇ ಪೇಟೆಂಟ್ ಜರ್ನಲ್‌ನಲ್ಲಿ ಪ್ರಕಟವಾಗಿದೆ. ಹಾಗಾಗಿ ಅದರ ಒಳಗಿನ ವಿಷಯವನ್ನು ಇಲ್ಲಿ ಚರ್ಚಿಸಿದರೆ ನಿಮಗೆ ನಷ್ಟವಿಲ್ಲ.

ಮೊದಲು ಗಡುವಿನ ವಿಚಾರ. ವರದಿಯ ದಿನಾಂಕದಿಂದ ಆರು ತಿಂಗಳೊಳಗೆ ಉತ್ತರ ಸಲ್ಲಿಸಬೇಕು. ಆ ಆರು ತಿಂಗಳು ಮುಗಿಯುವ ಮುನ್ನವೇ ಫಾರ್ಮ್ 4 ಹಾಕಿ ಶುಲ್ಕ ಕಟ್ಟಿದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಏನೂ ಮಾಡದೆ ಕುಳಿತರೆ ಅರ್ಜಿಯನ್ನು ನೀವೇ ಕೈಬಿಟ್ಟಿದ್ದೀರಿ ಎಂದು ಕಾನೂನು ಭಾವಿಸುತ್ತದೆ. ತಿರಸ್ಕಾರವಾದ ಅರ್ಜಿಗೆ ಮೇಲ್ಮನವಿಯ ದಾರಿಯಿದೆ. ಹೀಗೆ ಕೈಬಿಟ್ಟ ಅರ್ಜಿಗೆ ಅದೂ ಇಲ್ಲ. ‘ಬಿಟ್ಟುಬಿಡಿ’ ಎಂಬ ಸಲಹೆ ನನಗೆ ಸಿಟ್ಟು ತರಿಸಿದ್ದು ಇದೇ ಕಾರಣಕ್ಕೆ.

‘ಸಾಫ್ಟ್‌ವೇರಿಗೆ ಪೇಟೆಂಟ್ ಇಲ್ಲ’ ಎಂಬುದು ಅರ್ಧ ಸತ್ಯ. 1970ರ ಪೇಟೆಂಟ್ ಕಾಯ್ದೆಯ ಕಲಂ 3(ಕೆ) ಹೊರಗಿಡುವುದು ಗಣಿತದ ವಿಧಾನ, ವ್ಯವಹಾರದ ವಿಧಾನ, ಅಲ್ಗಾರಿದಮ್ ಮತ್ತು ಬರೀ ಕಂಪ್ಯೂಟರ್ ಪ್ರೋಗ್ರಾಂ ಎನಿಸುವಂಥದ್ದನ್ನು. ಆ ‘ಬರೀ’ ಎಂಬ ಮಿತಿಯನ್ನು 2002ರ ತಿದ್ದುಪಡಿ ಬೇಕೆಂದೇ ಇಟ್ಟಿತು. ಪ್ರೋಗ್ರಾಂ ಒಳಗೊಂಡ ಆವಿಷ್ಕಾರ ಒಂದು ತಾಂತ್ರಿಕ ಪರಿಣಾಮ ಉಂಟುಮಾಡಿದರೆ ಅದನ್ನು ಪ್ರೋಗ್ರಾಂ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2019ರ ಡಿಸೆಂಬರ್‌ನಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅದಕ್ಕೂ ಮುನ್ನ, 2016ರ ಮಾರ್ಗಸೂಚಿಯಲ್ಲಿ ಹೊಸ ಹಾರ್ಡ್‌ವೇರ್ ಇದ್ದರೆ ಮಾತ್ರ ಎಂಬ ಷರತ್ತಿತ್ತು. 2017ರ ಮಾರ್ಗಸೂಚಿ ಅದನ್ನು ಕೈಬಿಟ್ಟಿತು. ಹೀಗಾಗಿ ನಿಮ್ಮ ತಮ್ಮ ಹೊಸ ಚಿಪ್ ಕಂಡುಹಿಡಿಯಬೇಕಾಗಿಲ್ಲ. ಯಂತ್ರದ ಒಳಗೆ ಏನು ಸುಧಾರಿಸಿತು ಎಂಬುದನ್ನು ಹೇಳಬೇಕು, ಅಷ್ಟೇ.

ಹಾಗಾದರೆ ಪರೀಕ್ಷಕರು ತಪ್ಪು ಮಾಡಿದರೇ? ಇಲ್ಲ. ನಿಮ್ಮ ಅರ್ಜಿಯ ಮೊದಲ ಕ್ಲೇಮ್, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ವಾಕ್ಯ, ಹೀಗಿದೆ: ‘ಡಿಜಿಟಲ್ ಚಿತ್ರವೊಂದನ್ನು ಸ್ವೀಕರಿಸಿ, ಅದರ ಅಂಗಗಳನ್ನು ಗುರುತಿಸಿ, ಮೈಮೇಲಿನ ತೂತುಗಳ ಆಕಾರ ಕೆಡದಂತೆ ಆ ಅಂಗಗಳು ಚಲಿಸುವಂತೆ ಮಾಡುವ ಕಂಪ್ಯೂಟರ್ ಪ್ರೋಗ್ರಾಂ.’ ಇದನ್ನು ಓದಿದ ಯಾವ ಪರೀಕ್ಷಕರೂ 3(ಕೆ) ಎಂದೇ ಬರೆಯುತ್ತಾರೆ. ಕೇಳಿರುವುದು ಪ್ರೋಗ್ರಾಂ ಮೇಲಿನ ಹಕ್ಕನ್ನು. ಹೇಳಿರುವುದು ನಿಮಗೆ ಬೇಕಾದ ಫಲವನ್ನು. ಆ ಫಲ ಹೇಗೆ ಬಂತು ಎಂಬುದರ ಸುಳಿವು ಈ ವಾಕ್ಯದಲ್ಲಿ ಎಲ್ಲಿದೆ?

ತೂತು ದುಂಡಗೆ ಉಳಿಯುವುದು ನಿಮಗೆ ಹೆಮ್ಮೆಯ ವಿಷಯ. ಅದರ ಬೆಲೆ ನನಗೂ ಗೊತ್ತು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿರುವ ತೊಗಲು ಗೊಂಬೆಗಳನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಸೀರೆಯ ಅಂಚು, ತೋಳುಬಂದಿ, ಕಿರೀಟ ಎಲ್ಲವೂ ಆ ತೂತುಗಳಿಂದಲೇ ಮೂಡುತ್ತವೆ. ಹಿಂದಿನಿಂದ ಬೆಳಕು ಬಂದಾಗ ಆಭರಣ ಹೊಳೆಯುವುದು ಅವುಗಳ ಮೂಲಕವೇ. ತೂತು ಸೊಟ್ಟಗಾದರೆ ಗೊಂಬೆಯ ಕಳೆಯೇ ಹೋಗುತ್ತದೆ. ಆದರೆ ಪೇಟೆಂಟ್ ಕಚೇರಿಯ ಮುಂದೆ ಅದು ಅಂದದ ಮಾತು. ಕಲಾಕೃತಿ ಮತ್ತು ಸೌಂದರ್ಯದ ಸೃಷ್ಟಿಗಳನ್ನು ಕಲಂ 3(ಎಲ್) ಹೊರಗಿಡುತ್ತದೆ. ಉತ್ತರದಲ್ಲಿ ಇದನ್ನೇ ಒತ್ತಿ ಹೇಳಿದರೆ ಒಂದು ಆಕ್ಷೇಪದ ಜಾಗದಲ್ಲಿ ಎರಡು ಎದುರಾಗುತ್ತವೆ.

ನಿಮ್ಮ ನಿಜವಾದ ಆವಿಷ್ಕಾರ, ಅರ್ಜಿಯ ವಿವರಣಾ ಭಾಗವಾದ ಸ್ಪೆಸಿಫಿಕೇಶನ್‌ನ 14ನೇ ಪುಟದಲ್ಲಿ ಎರಡು ಪ್ಯಾರಾಗಳಲ್ಲಿ ಅಡಗಿ ಕುಳಿತಿದೆ. ಸಾಮಾನ್ಯವಾಗಿ ಚಿತ್ರವನ್ನು ಬಾಗಿಸುವಾಗ ಅದನ್ನು ಸಣ್ಣ ಸಣ್ಣ ತ್ರಿಕೋನಗಳ ಜಾಲವಾಗಿ ಒಡೆಯುತ್ತಾರೆ. ಪ್ರತಿ ತೂತಿನ ಅಂಚನ್ನೂ ಜಾಲದಲ್ಲಿ ಮೂಡಿಸಬೇಕಾದರೆ ಅದರ ಸುತ್ತ ಹತ್ತಾರು ತ್ರಿಕೋನ ಬೇಕು. ನೂರಾರು ತೂತುಗಳಿರುವ ಗೊಂಬೆಯಲ್ಲಿ ಜಾಲ ವಿಪರೀತ ಬೆಳೆದು ಸಾಧಾರಣ ಮೊಬೈಲ್ ಏದುಸಿರು ಬಿಡುತ್ತದೆ. ನಿಮ್ಮ ತಮ್ಮ ಮಾಡಿದ್ದೇನು? ತೂತುಗಳನ್ನು ಜಾಲದಿಂದ ಹೊರಗೆ ತೆಗೆದ. ಪ್ರತಿಯೊಂದನ್ನೂ ಒಂದು ಕೇಂದ್ರಬಿಂದು ಮತ್ತು ಒಂದು ತ್ರಿಜ್ಯ ಎಂದಷ್ಟೇ ಮೆಮೊರಿಯಲ್ಲಿ ಇಟ್ಟ. ಚರ್ಮ ಬಾಗಿದ ಮೇಲೆ ಕೇಂದ್ರ ಎಲ್ಲಿಗೆ ಸರಿಯಿತೋ ಅಲ್ಲಿ ವೃತ್ತವನ್ನು ಹೊಸದಾಗಿ ಕೊರೆದ. ಜೊತೆಗೆ, ಪ್ರತಿ ಚೌಕಟ್ಟಿಗೂ (ಫ್ರೇಮ್) ಮರುಲೆಕ್ಕ ಮಾಡುವುದು ಕೀಲಿನ ಸುತ್ತಲಿನ ತ್ರಿಕೋನಗಳನ್ನು ಮಾತ್ರ. ತೋಳು, ತೊಡೆಯಂಥ ಭಾಗಗಳನ್ನು ಇಡಿಯಾಗಿ ಒಂದೇ ತುಂಡಿನಂತೆ ತಿರುಗಿಸುತ್ತಾನೆ. ಲೆಕ್ಕ ಇಳಿಯಿತು, ಮೆಮೊರಿ ಉಳಿಯಿತು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲೂ ಸಿನಿಮಾದಂತೆ ಸೆಕೆಂಡಿಗೆ 24 ಚೌಕಟ್ಟು ಮೂಡುವಂತಾಯಿತು. ತೂತು ದುಂಡಗೆ ಉಳಿದದ್ದು ಇದರ ಜೊತೆಯಲ್ಲೇ ಬಂದ ಲಾಭ. ಇದು ತಾಂತ್ರಿಕ ಪರಿಣಾಮ! ಇದನ್ನು 14ನೇ ಪುಟದಲ್ಲಿ ಬಚ್ಚಿಟ್ಟು ಕ್ಲೇಮ್‌ನಲ್ಲಿ ಅಂದದ ಮಾತಾಡಿದ್ದಾರಲ್ಲ ಎಂದು ಓದುವಾಗ ಸಂಕಟವಾಯಿತು.

ಈಗ ಪ್ರಬಂಧದ ಪ್ರಶ್ನೆ. ಪರೀಕ್ಷಕರು ತೋರಿಸಿರುವುದು ತಾಕೆಯೊ ಇಗರಾಶಿ ಮತ್ತು ಅವರ ಇಬ್ಬರು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಕೆಲಸ. ಈ ಕ್ಷೇತ್ರದಲ್ಲಿ ಅದು ಎಲ್ಲರೂ ಬಲ್ಲ ಪ್ರಬಂಧ. ಅದನ್ನು ಹುಡುಕಿದ್ದಕ್ಕೆ ಪರೀಕ್ಷಕರನ್ನು ಮೆಚ್ಚಬೇಕು. ಚಿತ್ರವನ್ನು ತ್ರಿಕೋನಗಳಾಗಿ ಒಡೆದು, ಬಳಕೆದಾರರು ಎಳೆಯುವ ಬಿಂದುಗಳಿಗೆ ತಕ್ಕಂತೆ ಆಕಾರ ಆದಷ್ಟು ಕೆಡದಂತೆ ಬಾಗಿಸುವುದನ್ನು ಅದು ತೋರಿಸುತ್ತದೆ. ನಿಮ್ಮ ಮೊದಲ ಕ್ಲೇಮ್ ಈಗಿರುವ ರೂಪದಲ್ಲಿ ಅದರ ಮುಂದೆ ನಿಲ್ಲುವುದು ಕಷ್ಟ. ಆದರೆ ಅಲ್ಲಿ ಬಿಂದು ಸರಿದಾಗ ಇಡೀ ಜಾಲದ ಸ್ಥಾನವನ್ನು ಲೆಕ್ಕ ಹಾಕುತ್ತಾರೆ. ತೂತುಗಳನ್ನು ಜಾಲದಿಂದ ಬೇರ್ಪಡಿಸಿ ಕೇಂದ್ರ–ತ್ರಿಜ್ಯವಾಗಿ ಇಡುವುದು ನಿಮ್ಮದು. ಉತ್ತರದಲ್ಲಿ ಈ ವ್ಯತ್ಯಾಸವನ್ನು ಒಂದು ಹಾಳೆಯಲ್ಲಿ, ನಿಮ್ಮ ಅರ್ಜಿಯಲ್ಲೇ ಇರುವ ವೇಗದ ಕೋಷ್ಟಕದ ಸಮೇತ ಬರೆಯಿರಿ. ಆ ಪ್ರಬಂಧವನ್ನು ತಮ್ಮನೇ ಕುಳಿತು ಪೂರ್ತಿ ಓದಲಿ. ಕೋಡ್ ಬರೆದವನ ಕಣ್ಣಿಗೆ ಬೀಳುವ ವ್ಯತ್ಯಾಸ ನಮ್ಮಂಥ ಪೇಟೆಂಟ್ ಏಜೆಂಟರ ಕಣ್ಣಿಗೆ ಬೀಳದು.

ತಿದ್ದಿದ ಕ್ಲೇಮ್ ಹೀಗೆ ಶುರುವಾಗಬಹುದು: ‘ಪ್ರೊಸೆಸರ್ ಮತ್ತು ಮೆಮೊರಿ ಇರುವ ಸಾಧನದಲ್ಲಿ ಕೀಲುಗಳುಳ್ಳ ಡಿಜಿಟಲ್ ಚಿತ್ರ ಚಲಿಸುವಂತೆ ಮಾಡುವ ವಿಧಾನ, ಇದರಲ್ಲಿ ಚಿತ್ರದ ತೂತುಗಳನ್ನು ತ್ರಿಕೋನ ಜಾಲದಿಂದ ಬೇರ್ಪಡಿಸಿ, ಪ್ರತಿಯೊಂದನ್ನೂ ಕೇಂದ್ರ ಮತ್ತು ತ್ರಿಜ್ಯಗಳ ದಾಖಲೆಯಾಗಿ ಮೆಮೊರಿಯಲ್ಲಿ ಇರಿಸುವ ಹಂತ, ಕೀಲಿನಿಂದ ನಿಗದಿತ ದೂರದೊಳಗಿನ ತ್ರಿಕೋನಗಳನ್ನು ಮಾತ್ರ ಪ್ರತಿ ಚೌಕಟ್ಟಿಗೂ ಮರುಲೆಕ್ಕಿಸುವ ಹಂತ...’ ನಿಮ್ಮ ಆರನೇ ಕ್ಲೇಮ್ ‘ವಿಧಾನ’ ಎಂದೇ ಶುರುವಾಗುತ್ತದೆ. ಅದನ್ನು ಆಧಾರವಾಗಿ ಹಿಡಿದು ಬಿಗಿಗೊಳಿಸಿ, ‘ಕಂಪ್ಯೂಟರ್ ಪ್ರೋಗ್ರಾಂ’ ಎಂದು ಕೊನೆಯಾಗುವ ಕ್ಲೇಮನ್ನು ಅಳಿಸಿ. ಒಂದು ಎಚ್ಚರಿಕೆ: ಕಲಂ 59ರ ಪ್ರಕಾರ, ಮೂಲ ಅರ್ಜಿಯಲ್ಲಿ ಇಲ್ಲದ ಯಾವುದನ್ನೂ ಈಗ ಸೇರಿಸುವಂತಿಲ್ಲ, ಕ್ಲೇಮ್‌ನ ವ್ಯಾಪ್ತಿಯನ್ನು ಹಿಗ್ಗಿಸುವಂತೆಯೂ ಇಲ್ಲ. ಅರ್ಜಿ ಹಾಕಿದ ಮೇಲೆ ತಮ್ಮ ಮಾಡಿರುವ ಹೊಸ ಸುಧಾರಣೆಗಳನ್ನು ಇದರೊಳಗೆ ತುರುಕಬೇಡಿ.

ಉತ್ತರದ ನಂತರವೂ ಆಕ್ಷೇಪ ಉಳಿದರೆ ವಿಚಾರಣೆಗೆ ಕರೆಯುತ್ತಾರೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ, ಆದರೆ ವಿಚಾರಣೆ ವಿಡಿಯೊ ಮೂಲಕ ನಡೆಯುವುದರಿಂದ ಪ್ರಯಾಣದ ಖರ್ಚಿಲ್ಲ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ತೂತುಗಳನ್ನು ಜಾಲದೊಳಗೆ ಇಟ್ಟಾಗ ಮತ್ತು ಹೊರಗಿಟ್ಟಾಗ ಒಂದೇ ಗೊಂಬೆ ಹೇಗೆ ಚಲಿಸುತ್ತದೆ ಎಂದು ವಿಚಾರಣೆ ನಡೆಸುವ ಅಧಿಕಾರಿಯಾದ ಕಂಟ್ರೋಲರ್‌ಗೆ ತೋರಿಸಲು ಅನುಮತಿ ಕೇಳಿ. ಅಲ್ಲಿಯೂ ತಿರಸ್ಕಾರವಾದರೆ ಮದ್ರಾಸ್ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಲು ಮೂರು ತಿಂಗಳ ಅವಕಾಶವಿದೆ.

ಅಮೆರಿಕದ ಬಗ್ಗೆ ನೀವು ಕೇಳಿಬಂದದ್ದು ಅಷ್ಟು ಸರಳವಲ್ಲ. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನ ಆಲಿಸ್ ಪ್ರಕರಣದ ತೀರ್ಪು ಬಂದ ಮೇಲೆ ಅಲ್ಲಿಯೂ ಸಾಫ್ಟ್‌ವೇರ್ ಪೇಟೆಂಟ್‌ಗಳು ದಂಡಿಯಾಗಿ ಬಿದ್ದವು. ನಿಮ್ಮ ಕ್ಷೇತ್ರಕ್ಕೆ ಹತ್ತಿರವಾದದ್ದು ಮ್ಯಾಕ್‌ರೊ ಪ್ರಕರಣ. ಪಾತ್ರದ ತುಟಿ ಮತ್ತು ಮುಖಭಾವ ಮಾತಿಗೆ ತಕ್ಕಂತೆ ಅಲುಗುವುದನ್ನು ಅನಿಮೇಟರುಗಳು ಕಣ್ಣಂದಾಜಿನಲ್ಲಿ ಹೊಂದಿಸುತ್ತಿದ್ದರು. ಆ ಕೆಲಸವನ್ನು ನಿರ್ದಿಷ್ಟ ನಿಯಮಗಳ ಮೂಲಕ ಯಂತ್ರಕ್ಕೆ ವಹಿಸಿದ ಪೇಟೆಂಟ್ ಅದು. ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಅದನ್ನು ಅರ್ಹ ಎಂದಿತು, ಏಕೆಂದರೆ ನಿಯಮಗಳು ಏನೆಂದು ಕ್ಲೇಮ್‌ನಲ್ಲೇ ಬಿಡಿಸಿ ಹೇಳಿತ್ತು. ಆದರೆ 2020ರಲ್ಲಿ ಅದೇ ಪೇಟೆಂಟ್‌ನ ಒಡೆಯರು ಉಲ್ಲಂಘನೆಯ ವಾದದಲ್ಲಿ ಸೋತರು. ಕ್ಲೇಮ್‌ನ ಪದಗಳ ವ್ಯಾಪ್ತಿಯೊಳಗೆ ಪ್ರತಿವಾದಿಗಳ ತಂತ್ರಾಂಶ ಬರಲಿಲ್ಲ. ಆದ್ದರಿಂದ ಕ್ಲೇಮ್ ತಿದ್ದುವಾಗ ಬೇರೆಯವರು ನಿಮ್ಮ ಉಪಾಯವನ್ನು ಯಾವ ಯಾವ ರೀತಿ ಬಳಸಬಹುದು ಎಂದೂ ಯೋಚಿಸಿ. 2016ರ ಆ ತೀರ್ಪು ನಮ್ಮ ಪೇಟೆಂಟ್ ಕಚೇರಿಯನ್ನು ಕಟ್ಟಿಹಾಕದಿದ್ದರೂ ಉತ್ತರದಲ್ಲಿ ಉಲ್ಲೇಖಿಸಲು ಅಡ್ಡಿಯಿಲ್ಲ. ನೀವೇ ಅಲ್ಲಿ ಅರ್ಜಿ ಹಾಕುವ ಬಾಗಿಲು ಮಾತ್ರ ಮುಚ್ಚಿದೆ: ಇಲ್ಲಿನ ಅರ್ಜಿಯಿಂದ 12 ತಿಂಗಳೊಳಗೆ ಹೊರದೇಶದ ಅರ್ಜಿಯನ್ನಾಗಲಿ ಪಿಸಿಟಿ (ಹಲವು ದೇಶಗಳಿಗೆ ಒಟ್ಟಾಗಿ ಹಾಕುವ) ಅರ್ಜಿಯನ್ನಾಗಲಿ ಹಾಕಿಲ್ಲ, ಇಲ್ಲಿ ಪ್ರಕಟವಾಗಿಯೂ ಒಂದು ವರ್ಷ ದಾಟಿದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಉತ್ತರದಲ್ಲಿ ಎಲ್ಲಿಯೂ ತೊಗಲು ಗೊಂಬೆಯ ಆಕಾರ, ಕೀಲು ಕಟ್ಟುವ ಕ್ರಮ, ತೂತಿನ ಚಿತ್ತಾರ ನಿಮ್ಮದು ಎಂಬ ಧ್ವನಿ ಬರಬಾರದು. ಅದು ತಲೆತಲಾಂತರದಿಂದ ಗೊಂಬೆ ಆಡಿಸಿಕೊಂಡು ಬಂದ ಮನೆತನಗಳ ವಿದ್ಯೆ. ಸಾಂಪ್ರದಾಯಿಕ ಜ್ಞಾನವನ್ನು ಕಲಂ 3(ಪಿ) ಪೇಟೆಂಟ್‌ನಿಂದ ಹೊರಗಿಟ್ಟಿದೆ, ಹಾಗಿಟ್ಟಿರುವುದು ನ್ಯಾಯ. ನಿಮ್ಮ ಹಕ್ಕು ಲೆಕ್ಕ ಹಾಕುವ ವಿಧಾನಕ್ಕೆ ಮಾತ್ರ.

ಪ್ರಶ್ನೆ: ಚಿತ್ರಗಳು ಚಲಿಸುವಂತೆ ಮಾಡುವ ನನ್ನ ಆ್ಯಪ್‌ನ ವಿಡಿಯೊವನ್ನು ಕಳೆದ ತಿಂಗಳು ಯೂಟ್ಯೂಬ್‌ಗೆ ಹಾಕಿದೆ. ಈಗ ಪೇಟೆಂಟ್ ಅರ್ಜಿ ಹಾಕಬಹುದೇ?
– ಓದುಗರು, ಯಲಹಂಕ

ಉತ್ತರ: ವಿಡಿಯೊದಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಚಿತ್ರ ಕುಣಿಯುವುದಷ್ಟೇ ಕಂಡು, ಒಳಗಿನ ವಿಧಾನ ನೋಡುವವರಿಗೆ ಗೊತ್ತಾಗದಿದ್ದರೆ ಇನ್ನೂ ಅವಕಾಶವಿದೆ. ಕೋಡನ್ನೋ ಹಂತಗಳನ್ನೋ ವಿವರಿಸಿದ್ದರೆ ಕಷ್ಟ. ಭಾರತದಲ್ಲಿ ರಿಯಾಯಿತಿಯ 12 ತಿಂಗಳು ಇರುವುದು ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧದಂಥ ಕೆಲವೇ ಸಂದರ್ಭಗಳಿಗೆ. ಯೂಟ್ಯೂಬ್ ಅದರಲ್ಲಿ ಸೇರುವುದಿಲ್ಲ. ಇನ್ನೊಂದು ವಿಡಿಯೊ ಹಾಕುವ ಮುನ್ನ, ಆ್ಯಪ್ ಅನ್ನು ಬೇರೆಯವರ ಕೈಗೆ ಕೊಡುವ ಮುನ್ನ, ತಾತ್ಕಾಲಿಕ ಸ್ಪೆಸಿಫಿಕೇಶನ್ ಸಲ್ಲಿಸಿಬಿಡಿ. ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ಮೂಲ ಶುಲ್ಕ 1,600 ರೂಪಾಯಿ. ಪೂರ್ಣ ಸ್ಪೆಸಿಫಿಕೇಶನ್‌ಗೆ ಅಲ್ಲಿಂದ 12 ತಿಂಗಳು ಸಮಯವಿರುತ್ತದೆ. ಹಿಂದಿನ ದಾಖಲೆಗಳನ್ನು ಹುಡುಕಲು ನೆರವು ಬೇಕಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರದಲ್ಲಿ ವಿಚಾರಿಸಿ.

ಪ್ರಶ್ನೆ: ಕೋಡ್‌ಗೆ ಕಾಪಿರೈಟ್ ಇದೆಯಲ್ಲ, ಅದು ಸಾಲದೇ?
– ಓದುಗರು, ರಾಜಾಜಿನಗರ

ಉತ್ತರ: ಅನೇಕರಿಗೆ ಸಾಕು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಗೆ ಸಮ. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಯಾರಾದರೂ ನಿಮ್ಮ ಕೋಡನ್ನು ನಕಲು ಮಾಡಿದರೆ ತಡೆಯಬಹುದು. ಆದರೆ ಅದೇ ಉಪಾಯವನ್ನು ಅರಿತು ಬೇರೆ ಕೋಡ್ ಬರೆದವರನ್ನು ಕಾಪಿರೈಟ್ ತಡೆಯಲಾರದು. ಅದಕ್ಕೆ ಬೇಕಾದದ್ದು ಪೇಟೆಂಟ್. ನಿಮ್ಮ ಉಪಾಯ ಸರ್ವರ್‌ನಲ್ಲೇ ಉಳಿದು ಹೊರಗಿನವರಿಗೆ ಕಾಣುವುದಿಲ್ಲ ಎಂದಾದರೆ ಗುಟ್ಟಾಗಿ ಇಟ್ಟುಕೊಳ್ಳುವುದೂ ಒಳ್ಳೆಯ ದಾರಿ. ಪೇಟೆಂಟ್ ಬೇಕೆಂದರೆ ಎಲ್ಲವನ್ನೂ ಬಿಚ್ಚಿ ಬರೆಯಬೇಕು, ಪ್ರತಿಯಾಗಿ 20 ವರ್ಷಗಳ ಹಕ್ಕು ಸಿಗುತ್ತದೆ. ನೌಕರರು ಅಥವಾ ಗುತ್ತಿಗೆಯವರು ಕೋಡ್ ಬರೆಯುತ್ತಿದ್ದರೆ ಹಕ್ಕು ಯಾರದೆಂದು ಇಂದೇ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ.