‘ಸಿಸ್ಟರ್, ನಾನು ಹೊರಗೆ ಹೋಗ್ಬೇಕಾ?’: ಮಗುವಿನ ಶುಶ್ರೂಷೆ, ಓದುಗರ ಪ್ರಶ್ನೋತ್ತರ

ಈ ಸಂಚಿಕೆಯ ಪ್ರಶ್ನೆಗಳಿಗೆ ಮಕ್ಕಳ ವಾರ್ಡು ಮತ್ತು ನವಜಾತ ಶಿಶು ಘಟಕದ ಶುಶ್ರೂಷಕಿಯರು ಉತ್ತರಿಸಿದ್ದಾರೆ.

ಪ್ರಶ್ನೆ: ನಾಲ್ಕು ವರ್ಷದ ಮಗಳು ನ್ಯುಮೋನಿಯಾದಿಂದ ಅಡ್ಮಿಟ್ ಆಗಿದ್ದಳು. ಡ್ರಿಪ್ ಸೂಜಿ ಹಾಕುವಾಗ ‘ಅಮ್ಮ ಇದ್ರೆ ಜಾಸ್ತಿ ಅಳ್ತಾಳೆ, ಹೊರಗಿರಿ’ ಎಂದರು. ಹೊರಗೇ ನಿಂತೆ. ಈಗ ಬಿಳಿ ಕೋಟು ಕಂಡರೆ ಕಿರುಚುತ್ತಾಳೆ. ಮುಂದಿನ ವಾರ ಮತ್ತೆ ರಕ್ತ ಪರೀಕ್ಷೆ ಇದೆ. ನಾನು ಒಳಗಿರಬಹುದೇ?
— ತಾಯಿ, ತುಮಕೂರು

ಉತ್ತರ: ಇರಬಹುದು. ಇರಲೇಬೇಕು ಎಂದೇ ನಾವು ಹೇಳುತ್ತೇವೆ. ತಾಯಿಯನ್ನು ಕಂಡರೆ ಮಗುವಿನ ಅಳು ಜೋರಾಗುವುದು ನಿಜ. ಅಳು ಕೇಳುವವರು ಇದ್ದಾರೆ ಎಂಬ ಧೈರ್ಯಕ್ಕೆ ಅದು ಅಳುತ್ತದೆ. ಒಂಟಿಯಾಗಿ ಸುಮ್ಮನಾದ ಮಗು ಸಮಾಧಾನವಾಗಿದೆ ಎಂದುಕೊಳ್ಳಬೇಡಿ, ಅದು ಹೆದರಿ ಮರಗಟ್ಟಿರಬಹುದು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಒಂದು ಕಾಲಕ್ಕೆ ತಂದೆತಾಯಿಗೆ ಭೇಟಿಯ ಸಮಯ ಬಿಟ್ಟರೆ ಒಳಗೆ ಪ್ರವೇಶವಿರಲಿಲ್ಲ. 1959ರ ಪ್ಲಾಟ್ ಸಮಿತಿ ವರದಿ ಈ ನಿರ್ಬಂಧ ತೆಗೆಯಬೇಕು, ಐದು ವರ್ಷದೊಳಗಿನ ಮಕ್ಕಳ ಜೊತೆ ತಾಯಿ ಉಳಿಯಲು ಅನುಕೂಲ ಮಾಡಬೇಕು ಎಂದಿತು. ನಮ್ಮ ವಾರ್ಡುಗಳಲ್ಲಿ ತಾಯಿ ಮಗುವಿನ ಮಂಚದಲ್ಲೇ ಮಲಗುತ್ತಾಳೆ. ಆದರೂ ಸೂಜಿ ಚುಚ್ಚುವ ಹೊತ್ತಿಗೆ, ಅವಳು ಅತಿ ಹೆಚ್ಚು ಬೇಕಾದ ಗಳಿಗೆಯಲ್ಲಿ, ಹೊರಗೆ ಕಳಿಸುವ ರೂಢಿ ಎಷ್ಟೋ ಕಡೆ ಉಳಿದುಕೊಂಡಿದೆ. ಇದು ತಪ್ಪು.

ಪರೀಕ್ಷೆಯ ದಿನ ‘ಮಗುವನ್ನು ನನ್ನ ತೊಡೆ ಮೇಲೆ ಕೂರಿಸಿಕೊಂಡೇ ರಕ್ತ ತೆಗೆಯಿರಿ’ ಎಂದು ಮೊದಲೇ ಕೇಳಿ. ಕುರ್ಚಿಯಲ್ಲಿ ಕೂತು, ಮಗಳನ್ನು ನಿಮ್ಮ ಎದೆಗೆ ಎದೆ ತಾಗುವಂತೆ ಕೂರಿಸಿಕೊಳ್ಳಿ. ಅವಳ ಒಂದು ಕೈ ನಿಮ್ಮ ಕಂಕುಳಡಿಯಿಂದ ಬೆನ್ನ ಹಿಂದೆ ಹೋಗಲಿ, ಕಾಲುಗಳು ನಿಮ್ಮ ಸೊಂಟದ ಎರಡೂ ಪಕ್ಕ ಇರಲಿ. ಇನ್ನೊಂದು ಕೈ ಸಿಸ್ಟರ್ ಕಡೆಗೆ. ಆ ಕೈಯನ್ನು ಅಲ್ಲಾಡದಂತೆ ಹಿಡಿಯುವುದು ಅವರ ಕೆಲಸ, ತಬ್ಬಿಕೊಳ್ಳುವುದಷ್ಟೇ ನಿಮ್ಮದು. ಮಗುವನ್ನು ಅಂಗಾತ ಮಲಗಿಸಿ ಮೂರು ಜನ ಅದುಮಿದರೆ ಮುಂದಿನ ಸಲ ಐದು ಜನ ಬೇಕಾಗುತ್ತಾರೆ.

‘ನೋವೇ ಆಗಲ್ಲ’ ಎನ್ನಬೇಡಿ. ಒಮ್ಮೆ ಸುಳ್ಳಾದರೆ ಆಮೇಲೆ ನೀವು ಏನು ಹೇಳಿದರೂ ನಂಬುವುದಿಲ್ಲ. ‘ಇರುವೆ ಕಚ್ಚಿದ ಹಾಗೆ ಆಗುತ್ತೆ, ಅಳು ಬಂದ್ರೆ ಅಳು, ಕೈ ಮಾತ್ರ ಅಲ್ಲಾಡಿಸಬೇಡ, ನಾನು ಇಲ್ಲೇ ಇರ್ತೀನಿ’ ಎಂದರೆ ಸಾಕು. ಅದನ್ನೂ ವಾರ ಮೊದಲೇ ಹೇಳಿದರೆ ಅವಳು ವಾರವಿಡೀ ಹೆದರುತ್ತಾಳೆ; ಆ ದಿನ ಬೆಳಗ್ಗೆ ಹೇಳಿ. ಈ ವಯಸ್ಸಿನ ಮಕ್ಕಳು ತಾವು ಮಾಡಿದ ತುಂಟತನಕ್ಕೇ ಕಾಯಿಲೆ ಬಂತು ಎಂದು ನಂಬುತ್ತಾರೆ. ‘ಐಸ್‌ಕ್ರೀಮ್ ಬೇಡ ಅಂದ್ರೆ ಕೇಳಿದ್ಯಾ?’, ‘ಊಟ ಮಾಡ್ದಿದ್ರೆ ಸಿಸ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ’ ಎಂಬ ಮಾತುಗಳು ಚಿಕಿತ್ಸೆಯನ್ನು ಶಿಕ್ಷೆಯಾಗಿಸುತ್ತವೆ. ದಯವಿಟ್ಟು ಬಿಟ್ಟುಬಿಡಿ.

ಚರ್ಮ ಮರಗಟ್ಟಿಸುವ ಲಿಗ್ನೊಕೇನ್–ಪ್ರಿಲೊಕೇನ್ ಮುಲಾಮು ಸಿಗುತ್ತದೆಯೇ ಎಂದೂ ಕೇಳಿ. ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಮುಚ್ಚಿ ಸುಮಾರು 1 ಗಂಟೆ ಬಿಡಬೇಕು. ಐದು ನಿಮಿಷಕ್ಕೆ ಒರೆಸಿ ಚುಚ್ಚಿದರೆ ಏನೂ ಪ್ರಯೋಜನವಿಲ್ಲ. ರಕ್ತ ಕಂಡರೆ ತಲೆ ಸುತ್ತುವವರು ನೀವಾಗಿದ್ದರೆ ಹೇಳಲು ಸಂಕೋಚ ಬೇಡ, ಅಪ್ಪನೋ ಅಜ್ಜಿಯೋ ಕೂರಲಿ.

ಇನ್ನೊಂದು ವಿಷಯ ಬಹಳ ಮನೆಯವರಿಗೆ ಗೊತ್ತಿರುವುದಿಲ್ಲ. ಡ್ರಿಪ್‌ಗೆ ಹಾಕುವ ಕ್ಯಾನುಲಾದಲ್ಲಿ ಸೂಜಿ ಉಳಿಯುವುದಿಲ್ಲ. ನರ ಸಿಕ್ಕ ಕೂಡಲೇ ಸೂಜಿಯನ್ನು ಹೊರಗೆಳೆದು ಬಿಸಾಡುತ್ತೇವೆ. ಒಳಗಿರುವುದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ಮಾತ್ರ. ಸೂಜಿ ಇನ್ನೂ ಒಳಗಿದೆ ಎಂದುಕೊಂಡು ಮಕ್ಕಳು ಮೂರು ದಿನ ಕೈಯನ್ನು ಕೋಲಿನಂತೆ ಹಿಡಿದಿರುತ್ತಾರೆ. ಸೂಜಿ ಹೊರಗೆ ಬಂದದ್ದನ್ನು ತೋರಿಸಿ ಎಂದು ನೀವೇ ಕೇಳಿ. ಪಟ್ಟಿ ಕಟ್ಟಿದರೂ ಬೆರಳ ತುದಿ ಕಾಣುತ್ತಿರಲಿ. ಕ್ಯಾನುಲಾ ಸುತ್ತ ಊದಿದರೆ, ಬಿಗಿದರೆ, ತಣ್ಣಗಾದರೆ ಅಥವಾ ಕೆಂಪಾದರೆ ತಕ್ಷಣ ಕರೆಯಿರಿ: ಔಷಧಿ ನರ ಬಿಟ್ಟು ಮಾಂಸಕ್ಕೆ ಸೋರುತ್ತಿರಬಹುದು. ರಾತ್ರಿ ಎರಡು ಗಂಟೆಯಾದರೂ ಕರೆಯಿರಿ.

ಪ್ರಶ್ನೆ: ಮಗುವಿಗೆ ಒಂದೂವರೆ ವರ್ಷ, ತೂಕ 10 ಕೆ.ಜಿ. ಮನೆಯಲ್ಲಿ ಪ್ಯಾರಾಸಿಟಮಾಲ್‌ನ ಮೂರು ಬಾಟಲಿ ಇವೆ, ಮೂರರಲ್ಲೂ ಬೇರೆ ಬೇರೆ ಅಂಕಿ. ಯಾವುದನ್ನು ಎಷ್ಟು ಕೊಡಬೇಕು?
— ದಂಪತಿ, ಹುಬ್ಬಳ್ಳಿ

ಉತ್ತರ: ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಒಂದು ಸಲಕ್ಕೆ ಕೆ.ಜಿ.ಗೆ 15 ಮಿ.ಗ್ರಾಂ., ಅಂದರೆ ನಿಮ್ಮ ಮಗುವಿಗೆ 150 ಮಿ.ಗ್ರಾಂ. ಲೇಬಲ್‌ನಲ್ಲಿ ‘5 ಮಿ.ಲೀ.ಗೆ 120 ಮಿ.ಗ್ರಾಂ.’ ಎಂದಿದ್ದರೆ 6 ಮಿ.ಲೀ.ಗಿಂತ ತುಸು ಹೆಚ್ಚು. ‘5 ಮಿ.ಲೀ.ಗೆ 250’ ಎಂದಿದ್ದರೆ 3 ಮಿ.ಲೀ. ಪುಟ್ಟ ಬಾಟಲಿಯ ಡ್ರಾಪ್ಸ್ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ. ಇರುತ್ತದೆ, ಅದು ಒಂದೂವರೆ ಮಿ.ಲೀ. ಸಾಕು. ಅನಾಹುತ ಆಗುವುದು ಇಲ್ಲೇ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸನ್ನು 6 ಮಿ.ಲೀ. ಕುಡಿಸಿದರೆ ಒಂದೇ ಸಲಕ್ಕೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ, ಪೆಟ್ಟು ಬೀಳುವುದು ಯಕೃತ್ತಿಗೆ. ಮನೆಯಲ್ಲಿ ಒಂದೇ ಬಾಟಲಿ ಇಟ್ಟುಕೊಂಡು ಉಳಿದೆರಡನ್ನು ಇವತ್ತೇ ತೆಗೆದುಹಾಕಿ.

ಎರಡು ಡೋಸಿನ ನಡುವೆ 6 ಗಂಟೆ ಅಂತರವಿರಲಿ, 4 ಗಂಟೆಗಿಂತ ಕಡಿಮೆ ಎಂದೂ ಬೇಡ. ದಿನಕ್ಕೆ ನಾಲ್ಕು ಸಲದ ಮೇಲೆ ಬೇಡ. ಅಮ್ಮ ಕೊಟ್ಟದ್ದು ಅಜ್ಜಿಗೆ ಗೊತ್ತಿಲ್ಲದೆ ಎರಡನೇ ಸಲ ಕುಡಿಸುವುದು ನಮ್ಮ ಮನೆಗಳಲ್ಲಿ ಆಗುತ್ತಲೇ ಇರುತ್ತದೆ. ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿ, ಕೊಟ್ಟವರು ಸಮಯ ಬರೆಯಲಿ. ಕೆಲವು ನೆಗಡಿ ಸಿರಪ್ಪುಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. 4 ವರ್ಷದೊಳಗಿನ ಮಕ್ಕಳಿಗೆ ಅಂಥ ಮಿಶ್ರಣದ ಸಿರಪ್ಪನ್ನು ನೀವಾಗಿಯೇ ತಂದು ಕೊಡಲೇಬೇಡಿ. ಡೆಂಗಿ ಅನುಮಾನವಿದ್ದರೆ ಐಬುಪ್ರೊಫೆನ್ ಬೇಡ, ರಕ್ತಸ್ರಾವದ ಭಯವಿದೆ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಜ್ವರ ಕಂಡರೆ ಔಷಧಿ ಹುಡುಕಬೇಡಿ, ಆಸ್ಪತ್ರೆಗೆ ಹೊರಡಿ.

ಅಡುಗೆಮನೆಯ ಚಮಚ ಅಳತೆಗೆ ಬರುವುದಿಲ್ಲ. ಸೂಜಿಯಿಲ್ಲದ 5 ಮಿ.ಲೀ. ಸಿರಿಂಜಿನ ತುದಿಯನ್ನು ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟು, ಮಗುವನ್ನು ಕೂರಿಸಿಕೊಂಡು ಸ್ವಲ್ಪ ಸ್ವಲ್ಪವೇ ಒತ್ತಿ. ಮೂಗು ಹಿಡಿದು ಗಂಟಲಿಗೆ ಸುರಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಇಡೀ ಬಾಟಲಿ ಹಾಲಿಗೆ ಔಷಧಿ ಬೆರೆಸುವುದೂ ಬೇಡ: ಅರ್ಧ ಕುಡಿದು ಬಿಟ್ಟರೆ ಎಷ್ಟು ಹೊಟ್ಟೆ ಸೇರಿತೆಂದು ಹೇಗೆ ಹೇಳುತ್ತೀರಿ?

ಪ್ರಶ್ನೆ: ಎಂಟು ತಿಂಗಳ ಮಗುವಿಗೆ ನೆಗಡಿ, ಎದೆ ಗೊರಗೊರ. ಯಾವಾಗ ಗಾಬರಿಯಾಗಬೇಕು?
— ತಂದೆ, ಸಿರಸಿ

ಉತ್ತರ: ಗೊರಗೊರ ಸದ್ದಿಗಿಂತ ಉಸಿರಿನ ಎಣಿಕೆ ಮುಖ್ಯ. ಮಗು ಮಲಗಿದ್ದಾಗಲೋ ಸುಮ್ಮನಿದ್ದಾಗಲೋ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರಾ ಒಂದು ನಿಮಿಷ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. 2 ತಿಂಗಳೊಳಗೆ 60, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40: ಇಷ್ಟು ಅಥವಾ ಮೇಲಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಗೆ ಒಳಕ್ಕೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ಎದೆಹಾಲೂ ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು ಕಂಡರೆ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಮೊಮ್ಮಗ ಹುಟ್ಟಿದಾಗ 1.7 ಕೆ.ಜಿ. ಎದೆಗೆ ಕಟ್ಟಿಕೊಳ್ಳಿ ಎಂದು ಹೇಳಿ ಮನೆಗೆ ಕಳಿಸಿದ್ದಾರೆ. ಮಗಳಿಗೆ ಸಿಸೇರಿಯನ್ ಆಗಿದೆ. ನಾನು ಕಟ್ಟಿಕೊಂಡರೆ ನಡೆಯುತ್ತದೆಯೇ? ಎಣ್ಣೆ ಹಚ್ಚಿ ನೀರು ಹಾಕಬಹುದೇ?
— ಅಜ್ಜಿ, ಗೋಕಾಕ

ಉತ್ತರ: ಖಂಡಿತ ನಡೆಯುತ್ತದೆ, ಅಜ್ಜಿ. ಅಪ್ಪನೂ ಕಟ್ಟಿಕೊಳ್ಳಬಹುದು. ಇದು ಕಾಂಗರೂ ಆರೈಕೆ. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ, ಒಂದೇ ಇನ್‌ಕ್ಯುಬೇಟರ್‌ನಲ್ಲಿ ಹಲವು ಕೂಸುಗಳನ್ನು ಇಡಬೇಕಾದ ಸ್ಥಿತಿಯಲ್ಲಿ, ಡಾ. ಎಡ್ಗರ್ ರೇ ಸನಾಬ್ರಿಯಾ ತಾಯಂದಿರ ಎದೆಯನ್ನೇ ಬೆಚ್ಚನೆಯ ಗೂಡು ಮಾಡಿದರು. ಈಗ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ, ಆದಷ್ಟು ಹೆಚ್ಚು ಹೊತ್ತು, ಮಾಡಿ ಎನ್ನುತ್ತದೆ. ಇಷ್ಟು ಹೊತ್ತು ಒಬ್ಬರಿಂದಾಗದು. ಬಾಣಂತಿ ಮಲಗಿದಾಗ ನೀವು ತಗೊಳ್ಳಿ.

ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಬೇಡ. ನಿಮ್ಮ ಕುಪ್ಪಸದ ಗುಂಡಿ ಬಿಚ್ಚಿ, ಬರಿ ಎದೆಯ ನಡುವೆ ನೆಟ್ಟಗೆ ಇರಿಸಿ. ಕಾಲು ಕಪ್ಪೆಯಂತೆ ಮಡಚಿರಲಿ. ಮುಖ ಒಂದು ಪಕ್ಕಕ್ಕೆ ತಿರುಗಿ, ಗದ್ದ ತುಸು ಮೇಲಿರಲಿ. ಗದ್ದ ಎದೆಗೆ ಬಾಗಿದರೆ ಉಸಿರು ಕಟ್ಟುತ್ತದೆ, ಇದನ್ನು ಪದೇ ಪದೇ ನೋಡುತ್ತಿರಿ. ಮೆತ್ತನೆಯ ಹಳೆ ಸೀರೆಯ ತುಂಡನ್ನು ಕೂಸಿನ ಕಿವಿಯ ಮಟ್ಟದವರೆಗೆ ಬರುವಂತೆ ಸುತ್ತಿ ಕಟ್ಟಿ. ನೀವು ದಿಂಬಿಗೆ ಒರಗಿ ಅರ್ಧ ಕೂತಂತಿರಿ. ಒಮ್ಮೆ ಕಟ್ಟಿಕೊಂಡರೆ ಒಂದು ಗಂಟೆಯಾದರೂ ಬಿಚ್ಚಬೇಡಿ, ಕೂಸಿನ ನಿದ್ದೆ ಕೆಡುತ್ತದೆ. ಬೆಳೆದು 2.5 ಕೆ.ಜಿ. ಹತ್ತಿರ ಬಂದಾಗ ಅದೇ ಒದ್ದಾಡಿ ಹೊರಬರಲು ನೋಡುತ್ತದೆ, ಆಗ ನಿಲ್ಲಿಸಬಹುದು.

ಎರೆಯುವುದನ್ನು ಮಾತ್ರ ಅಲ್ಲಿಯವರೆಗೆ ತಡೆಯಿರಿ. ಇಷ್ಟು ಚಿಕ್ಕ ಮೈಯಲ್ಲಿ ಕೊಬ್ಬಿಲ್ಲ. ನೀರು ಹಾಕಿದ ಹತ್ತೇ ನಿಮಿಷದಲ್ಲಿ ಪಾದ ತಣ್ಣಗಾಗುತ್ತದೆ, ತಣ್ಣಗಾದ ಕೂಸು ಹಾಲು ಎಳೆಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಬೇಗ ಒರೆಸಿ, ಒಣಗಿಸಿ, ಮತ್ತೆ ಎದೆಗೆ ಹಾಕಿಕೊಳ್ಳಿ. ಲೋಬಾನದ ಹೊಗೆ ಆ ಶ್ವಾಸಕೋಶಕ್ಕೆ ತಡೆಯದು. ಜೇನು, ಬಜೆ ಯಾವುದೂ ಬೇಡ.

ಮೊಲೆ ಚೀಪಲು ಶಕ್ತಿ ಸಾಲದಿದ್ದರೆ ನಿಮ್ಮ ಕೈಗೆ ಪಳಗಿದ ಒಳಲೆಯೇ ಬಾಟಲಿಗಿಂತ ಒಳ್ಳೆಯದು. ಹಿಂಡಿದ ತಾಯಿ ಹಾಲನ್ನು ಒಳಲೆಗೆ ಹಾಕಿ, ಕೂಸನ್ನು ಓರೆಯಾಗಿ ಎತ್ತಿ ಹಿಡಿದು, ಮೂತಿಯನ್ನು ತುಟಿಯಂಚಿಗೆ ತಾಗಿಸಿ. ನುಂಗಿದ ಮೇಲೆ ಮುಂದಿನ ಹನಿ. ಬಳಸಿದ ಮೇಲೆ ಸೋಪಿನಲ್ಲಿ ತೊಳೆದು ಹತ್ತು ನಿಮಿಷ ಕುದಿಸಿ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ತೂಕ ಮಾಡಿಸಿ ಬರೆಸಿಕೊಳ್ಳಿ.

ಪ್ರಶ್ನೆ: ಭೇದಿಗೆ ಒಆರ್‌ಎಸ್ ಕೊಟ್ಟರೂ ವಾಂತಿ ಮಾಡುತ್ತದೆ. ನಿಲ್ಲಿಸಬೇಕೇ?
— ಅಂಗನವಾಡಿ ಕಾರ್ಯಕರ್ತೆ, ರಾಯಚೂರು

ಉತ್ತರ: ನಿಲ್ಲಿಸಬೇಡಿ, ನಿಧಾನ ಮಾಡಿ. ವಾಂತಿಯಾದರೆ 10 ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೆ ಒಂದು ಚಮಚದಂತೆ ಕೊಡಿ. ಲೋಟವಿಡೀ ಕುಡಿಸಿದ್ದಕ್ಕೇ ವಾಂತಿಯಾಗಿರುತ್ತದೆ. ಒಮ್ಮೆ ಭೇದಿಯಾದರೆ 2 ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200. ಜೊತೆಗೆ ಸತುವಿನ ಮಾತ್ರೆ: 2ರಿಂದ 6 ತಿಂಗಳಿಗೆ 10 ಮಿ.ಗ್ರಾಂ., ಆಮೇಲೆ 20, ಭೇದಿ ನಿಂತರೂ 14 ದಿನ.

ಪೊಟ್ಟಣವನ್ನು ನೋಡಿ ಕಲಸಿ. ದೊಡ್ಡದು 1 ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಕಲಸಿದರೆ ರಕ್ತದಲ್ಲಿ ಉಪ್ಪು ಏರಿ ಫಿಟ್ಸ್ ಬರಬಹುದು. ಸ್ವಲ್ಪ ಸ್ವಲ್ಪ ಪುಡಿ ತೆಗೆದು ಕಲಸುವುದೂ ತಪ್ಪು, ಉಪ್ಪು ಸಕ್ಕರೆ ಸಮವಾಗಿ ಬರುವುದಿಲ್ಲ. ಪೂರ್ತಿ ಪೊಟ್ಟಣ, ಪೂರ್ತಿ ನೀರು, 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ. ಮಗು ಚಮಚದಷ್ಟನ್ನೂ ಕಕ್ಕುತ್ತಿದ್ದರೆ, ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಕಳಿಸಿ. ದಾರಿಯುದ್ದಕ್ಕೂ ತಾಯಿಯ ಕೈಯಲ್ಲಿ ಒಆರ್‌ಎಸ್ ಮತ್ತು ಚಮಚ ಇರಲಿ.